ಗಾಜಿನ ಪಟ್ಟಿಯಲ್ಲಿ ಕಾಣದ ಜ್ವರ

ಚಳಿಜ್ವರಕ್ಕೆ ಒಂದು ಕೆಟ್ಟ ಗುಣವಿದೆ. ಅದು ಬಿಟ್ಟ ದಿನ ರೋಗಿಯೇ ಸುಳ್ಳುಗಾರನಂತೆ ಕಾಣುತ್ತಾನೆ. ನಿನ್ನೆ ಮಧ್ಯಾಹ್ನ ಮೂರು ಕೌದಿ ಹೊದ್ದು ಹೊರಸು ಅಲುಗುವಷ್ಟು ನಡುಗಿದವನು ಇಂದು ಅದೇ ಹೊತ್ತಿಗೆ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿರುತ್ತಾನೆ. ಜಡ್ಡು ಅಂತ ಕೇಳಿದ್ದೆವಲ್ಲ ಎಂದು ಓಣಿಯವರು ನಗುತ್ತ ಹೋಗುತ್ತಾರೆ. ನಾಳೆ ಅದು ಮತ್ತೆ ಬರುತ್ತದೆಂದು ಅವನೊಬ್ಬನಿಗೇ ಗೊತ್ತು.

ಆ ಶ್ರಾವಣದಲ್ಲಿ ನನಗೆ ಬಂದದ್ದು ಇದೇ ಜ್ವರ. ಅದು ಬಂದುಹೋದ ಎರಡು ತಿಂಗಳಲ್ಲಿ ನಾನು ಎರಡು ಸಲ ಸುಳ್ಳು ಹೇಳಿದೆ, ಒಮ್ಮೆ ಡಾಕ್ಟರ ಮುಂದೆ, ಒಮ್ಮೆ ತಂಗಿಯ ಮುಂದೆ. ಎರಡೂ ಸಲ ಹೇಳಿದ್ದು ಒಂದೇ ಶಬ್ದ: ಇಲ್ಲ. ಈಗಲೂ ಪಾಠ ಹೇಳುವಾಗ, ಸ್ನಾನ ಮಾಡುವಾಗ, ಸುಮ್ಮನೆ ಕೂತಾಗ ಆ ಎರಡು ಗಳಿಗೆಗಳು ಎದುರಿಗೆ ಬಂದು ನಿಲ್ಲುತ್ತವೆ. ಪ್ರತಿ ಸಲ ಬೇರೆ ಉತ್ತರ ಕೊಟ್ಟು ನೋಡುತ್ತೇನೆ.

ನಮ್ಮ ಊರು ದೇವಣಿಯಿಂದ ಎರಡು ಹರದಾರಿ. ಮೂರು ತಲೆಮಾರಿನಿಂದ ಹೊಲ ಮಾಡಿಕೊಂಡಿರುವ ಶಿವಭಕ್ತರ ಮನೆ. ಅಪ್ಪ ನಾನು ಸಣ್ಣವನಿದ್ದಾಗಲೇ ಹೋದರು. ಅವ್ವ, ಕಾಕಾ, ನಾನು, ತಂಗಿ ನೀಲವ್ವ. ಹೈದರಾಬಾದಿನ ಕಾಲೇಜಿಗೆ ಹೋಗಿ ಎರಡು ವರ್ಷ ವಿಜ್ಞಾನ ಓದಿದವನು ಸುತ್ತಲ ಹಳ್ಳಿಗಳಲ್ಲಿ ನಾನೊಬ್ಬನೇ. ಆಗ ಉದಗೀರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸೊಳ್ಳೆ, ರಕ್ತ, ಕ್ವಿನೈನ್, ಈ ಮೂರರ ಸಂಬಂಧ ನನಗೆ ಗೊತ್ತಿತ್ತು. ಗೊತ್ತಿಲ್ಲದವನು ಇದೇ ತಪ್ಪು ಮಾಡಿದ್ದರೆ ಅದನ್ನು ಬರೆಯುವ ಕಾರಣವಿರಲಿಲ್ಲ.

ಶ್ರಾವಣದ ಮೊದಲ ವಾರ ಊರಿಗೆ ಹೋದಾಗ ಜ್ವರ ಹಿಡಿಯಿತು. ದಿನ ಬಿಟ್ಟು ದಿನ, ಮಧ್ಯಾಹ್ನದ ಹೊತ್ತು. ಮೂರನೆಯ ಸರತಿಗೆ ಅವ್ವ ಹರಕೆ ಹೊತ್ತಳು: ಶ್ರಾವಣದ ಸೋಮವಾರಗಳು ಮುಗಿಯುವವರೆಗೆ ನನಗೆ ಮಠದ ಭಸ್ಮವೊಂದೇ ಮದ್ದು, ಬೇರೆ ಏನೂ ನಾಲಿಗೆಗೆ ಸೋಕಬಾರದು. ಸೋಕಿದರೆ ಹರಕೆ ಮುರಿದಂತೆ. ನಾನು ಬೇಡವೆನ್ನಲಿಲ್ಲ. ಅಪ್ಪ ಇಲ್ಲದ ಮನೆಯಲ್ಲಿ ಅವ್ವನಿಗೆ ಎದುರಾಡುವುದು ನನಗೆ ಯಾವತ್ತೂ ಆಗಿಲ್ಲ. ಆದರೆ ಉಮರ್ಗಾದಲ್ಲಿ ನನ್ನ ಜೊತೆ ಓದಿದವನೊಬ್ಬನಿದ್ದ. ಅಲ್ಲಿಂದ ಸೋಲಾಪುರ ಹತ್ತಿರ, ಅಲ್ಲಿ ಕ್ವಿನೈನ್, ನಮ್ಮ ಮಂದಿಯ ಬಾಯಲ್ಲಿ ಕೋಯ್ನೇಲ, ಸುಲಭವಾಗಿ ಸಿಗುತ್ತಿತ್ತು. ಆ ಕಡೆ ಹೋಗುವವರ ಕೈಯಲ್ಲಿ ಅವನಿಗೊಂದು ಚೀಟಿ ಕಳಿಸಿದೆ. ಅವನು ಪೊಟ್ಟಣದಲ್ಲಿ ಗುಳಿಗೆ ಕಟ್ಟಿ ಕಳಿಸಿದ. ದನದ ಕೊಟ್ಟಿಗೆಯಲ್ಲಿ ಎತ್ತಿನ ಬೆನ್ನ ಹಿಂದೆ ನಿಂತು, ಬೆಲ್ಲದ ಚೂರಿನಲ್ಲಿಟ್ಟು ನುಂಗಿದೆ. ಹೊರಗೆ ಬಂದು ಅವ್ವ ಕೊಟ್ಟ ಭಸ್ಮವನ್ನೂ ತೆಗೆದುಕೊಂಡೆ. ನಾಲ್ಕು ದಿನಕ್ಕೆ ಜ್ವರ ನಿಂತಿತು. ನಿಂತ ಕೂಡಲೇ ಗುಳಿಗೆಯನ್ನೂ ನಿಲ್ಲಿಸಿ ಉಳಿದದ್ದನ್ನು ಟ್ರಂಕಿನಲ್ಲಿಟ್ಟೆ. ಅದೂ ತಪ್ಪೇ, ಆದರೆ ಇಲ್ಲಿ ಅದು ಸಣ್ಣ ತಪ್ಪು.

ಶಾಲೆ ತಪ್ಪಿಸಿದ್ದಕ್ಕೆ ಡಾಕ್ಟರ ಚೀಟಿ ಬೇಕೆಂದು ಹೆಡ್‌ಮಾಸ್ತರರು ಹೇಳಿಕಳಿಸಿದ್ದರು. ನಾನಿನ್ನೂ ಸೊರಗಿದ್ದೆನಾದ್ದರಿಂದ ಕಾಕಾ ತಾವೇ ಬಂಡಿ ಹೂಡಿಕೊಂಡು ಉದಗೀರಿಗೆ ಕರೆತಂದರು. ದವಾಖಾನೆಗೆ ಆ ವರ್ಷವೇ ಸೂಕ್ಷ್ಮದರ್ಶಕ ಬಂದಿತ್ತು. ಡಾಕ್ಟರ ಸಾಹೇಬರು ಹೈದರಾಬಾದಿನ ಕಡೆಯವರು, ಮೆಲು ಮಾತಿನ ಮನುಷ್ಯ. ಬೆರಳಿಗೆ ಸೂಜಿ ಚುಚ್ಚಿ, ರಕ್ತದ ಹನಿಯನ್ನು ಗಾಜಿನ ಪಟ್ಟಿಗೆ ಒತ್ತಿ, ಇನ್ನೊಂದು ಪಟ್ಟಿಯ ಅಂಚಿನಿಂದ ತೆಳ್ಳಗೆ ಎಳೆದರು. ಕಾಲೇಜಿನಲ್ಲಿ ಈರುಳ್ಳಿಯ ಸಿಪ್ಪೆಯನ್ನು ಹೀಗೆಯೇ ಇಟ್ಟು ನೋಡಿದ್ದೆ. ಸಂತೋಷವೇ ಆಯಿತು. ಆಗ ಅವರು, ಕ್ವಿನೈನ್ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಉರ್ದುವಿನಲ್ಲಿ ಕೇಳಿದರು.

ಕಾಕಾ ನನ್ನ ಹೆಗಲ ಹಿಂದೆ ನಿಂತಿದ್ದರು. ಕಚೇರಿ ಕೆಲಸಕ್ಕೆ ಓಡಾಡಿದ ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ನಾನು ಇಲ್ಲ ಎಂದೆ.

ಗುಳಿಗೆ ತೆಗೆದುಕೊಂಡವನ ರಕ್ತದಲ್ಲಿ ಕ್ರಿಮಿ ಅಡಗಿಬಿಡುತ್ತದೆ, ಗಾಜಿನಲ್ಲಿ ಕಾಣುವುದಿಲ್ಲ, ಅದಕ್ಕೇ ಆ ಪ್ರಶ್ನೆ ಕೇಳುತ್ತಾರೆ. ಅದೂ ನನಗೆ ಗೊತ್ತಿತ್ತು. ಒಂದು ತಾಸಿನ ಮೇಲೆ ಡಾಕ್ಟರು, ರಕ್ತದಲ್ಲಿ ಚಳಿಜ್ವರದ ಗುರುತು ಇಲ್ಲ, ಇದು ಬೇರೆ ಯಾವುದೋ ಜ್ವರ ಇದ್ದೀತು ಎಂದು ಬರೆದುಕೊಟ್ಟರು. ಕಾಕಾ ಅಂಥದ್ದೇ ಇನ್ನೊಂದು ಚೀಟಿ ಬರೆಸಿಕೊಂಡರು. ಅದನ್ನು ಟೋಪಿಯೊಳಗೆ ಮಡಚಿಟ್ಟುಕೊಂಡು ಊರಿನ ಚಾವಡಿಯಲ್ಲಿ ಬಿಚ್ಚಿ ತೋರಿಸಿದರಂತೆ.

"ಮಶೀನೇ ಹೇಳ್ಯಾದ. ಹುಡುಗನ ರಕ್ತದಾಗ ಜ್ವರದ ಬೀಜನೇ ಉಳಿದಿಲ್ಲ. ಇದಕ್ಕಿಂತ ಏನ್ ಸಾಕ್ಷಿ ಬೇಕು ನಿಮಗ?"

ನಮ್ಮ ಮನೆತನದಲ್ಲಿ ಒಂದು ರೂಢಿ ಇದೆ. ಹರಕೆ ಮುಗಿದ ದಿನ ಗುಣವಾದವನು ತನ್ನ ಕೈಯಿಂದಲೇ ಎಲ್ಲರಿಗೂ ಭಸ್ಮ ಕೊಡಬೇಕು. ಗುಣವಾದವನ ಕೈಯಿಂದ ಬಂದ ಭಸ್ಮಕ್ಕೆ ಶಕ್ತಿ ಹೆಚ್ಚು ಎಂದು ನಂಬಿಕೆ. ಆ ಕಡೆಯ ಸೋಮವಾರ ನಾನು ಮಡಿಯುಟ್ಟು ಪಡಸಾಲೆಯಲ್ಲಿ ಕೂತು ಊರಿನ ಅರ್ಧ ಮಂದಿಗೆ ಕೊಟ್ಟೆ. ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡರು. ಕೊನೆಗೆ ಅವ್ವ ಬಂದು ಸೆರಗೊಡ್ಡಿ ಒಂದು ಮುಷ್ಟಿ ಹೆಚ್ಚಿಗೆ ಬೇಡಿದಳು. ನೀಲವ್ವ ಬಸುರಿ, ಬಾಣಂತನಕ್ಕೆ ಬರುತ್ತಾಳೆ, ಇರಲಿ ಎಂದಳು. ಕೊಟ್ಟೆ.

ನೀಲವ್ವನನ್ನು ನಿಲಂಗಾಕ್ಕೆ ಕೊಟ್ಟಿತ್ತು. ಏಳನೆಯ ತಿಂಗಳಲ್ಲಿ ಕುಬುಸದ ಶಾಸ್ತ್ರ ಮಾಡಿ ಅವ್ವ ಮನೆಗೆ ಕರೆತಂದಳು. ಮೊದಲ ಹೆರಿಗೆ. ನವರಾತ್ರಿಯ ರಜೆಗೆ ನಾನು ಊರಿಗೆ ಹೋದಾಗ ಅವಳಿಗೆ ಎರಡು ಸಲ ಜ್ವರ ಬಂದುಹೋಗಿತ್ತು. ಅವ್ವ ನನ್ನ ಕೈಯ ಭಸ್ಮವನ್ನು ಚಿಟಿಕೆ ಚಿಟಿಕೆಯಾಗಿ ನೀರಿನಲ್ಲಿ ಕದಡಿ ಕುಡಿಸುತ್ತಿದ್ದಳು.

ಜ್ವರ ಇಲ್ಲದ ದಿನ ನೋಡಿ, ನೀಲವ್ವ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದಾಗ ಟ್ರಂಕಿನಿಂದ ಪೊಟ್ಟಣ ತಂದು ಅವಳ ಕೈಯಲ್ಲಿಟ್ಟೆ. ಒಳಗೆ ಅವ್ವ ಖಾರ ಕುಟ್ಟುತ್ತಿದ್ದಳು.

"ಇದೇನಣ್ಣಾ?"

"ಕೋಯ್ನೇಲ. ಜ್ವರದ ಗುಳಿಗಿ. ಅವ್ವಗ ಹೇಳಬ್ಯಾಡ, ಸುಮ್ಮ ನುಂಗು."

ಅವಳು ಪೊಟ್ಟಣ ಬಿಚ್ಚಿ ನೋಡಿದಳು. ನಂತರ ನನ್ನನ್ನು ನೋಡಿದಳು.

"ನಿನಗ ಬಂದಾಗ ನೀ ತಗೊಂಡಿದ್ದೇನು?"

ಒಳಗೆ ಕುಟ್ಟುವ ಸದ್ದು ನಿಂತಿತು. ಅವ್ವ ಕೇಳಿಸಿಕೊಂಡಳೆಂದೇ ನನಗೆ ಅನಿಸಿತು. ಬಹುಶಃ ಅವಳು ಕಣ್ಣಿಗೆ ಬಿದ್ದ ಖಾರ ಒರೆಸಿಕೊಳ್ಳುತ್ತಿದ್ದಳು, ಅಷ್ಟೇ.

"ಇಲ್ಲ" ಎಂದೆ.

"ಮತ್ತ ನನಗ್ಯಾಕ? ನಿನ್ನ ಕೈಯಾಂದು ಭಸ್ಮ ತಗೋಳಾಕತ್ತೀನಿ, ಅದೇ ಸಾಕು. ಹೊಟ್ಟ್ಯಾಗ ಒಂದು ಜೀವ ಅದ. ಸುಮ್ಮಸುಮ್ಮನ ಏನರ ನುಂಗಲಾಕ ಆಗತದೇನು?"

ಪೊಟ್ಟಣ ಮಡಚಿ ನನ್ನ ಕೈಗೇ ಕೊಟ್ಟಳು. ನಕ್ಕಳು ಕೂಡ. ಕಾಲೇಜು ಕಲಿತರೂ ಅಣ್ಣ ಅವ್ವನಿಗೆ ಇಷ್ಟು ಹೆದರುತ್ತಾನಲ್ಲ ಎಂದು ಚೇಷ್ಟೆ ಮಾಡಿದಳು. ನಾನೂ ನಕ್ಕೆ. ಆ ಮೇಲೆ ಮೂರು ದಿನ ಮನೆಯಲ್ಲೇ ಇದ್ದೆ. ದಿನಕ್ಕೆ ಹತ್ತು ಸಲ ಅವಳ ಹತ್ತಿರ ಹೋದೆ, ನೀರು ಕೊಟ್ಟೆ, ಕೌದಿ ಹೊದಿಸಿದೆ, ಹಣೆ ಮುಟ್ಟಿ ನೋಡಿದೆ. ಆ ಒಂದು ಮಾತನ್ನು ತಿದ್ದಲಿಲ್ಲ.

ನಾಲ್ಕನೆಯ ಸರತಿಯ ಜ್ವರ ಇಳಿಯಲಿಲ್ಲ. ಬೆಳಗಾದರೂ ಅವಳು ಪೂರ್ತಿ ಎಚ್ಚರವಾಗಲಿಲ್ಲ. ನನ್ನನ್ನು ಮೈದುನನ ಹೆಸರಿನಿಂದ ಕರೆದಳು, ಎಮ್ಮೆ ಬಿಚ್ಚಿಕೊಂಡಿದೆ ನೋಡು ಎಂದಳು. ಕಣ್ಣು ತೆರೆದಿದ್ದವು, ನಮ್ಮನ್ನು ನೋಡುತ್ತಿರಲಿಲ್ಲ. ಕಾಕಾ ಎತ್ತು ಹೂಡಿದರು. ಆ ಜೋಡಿಯನ್ನು ಅವರು ಯಾವತ್ತೂ ಓಡಿಸಿದವರಲ್ಲ, ಆ ದಿನ ಉದಗೀರಿನವರೆಗೂ ಓಡಿಸಿದರು. ಅವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಲ್ಲಿ ಶಿವನ ಹೆಸರು ಹೇಳುತ್ತಿದ್ದಳು. ನಡುನಡುವೆ ನನಗೆ ಹೇಳುತ್ತಿದ್ದಳು, ನಿನಗೂ ಹಿಂಗೇ ಬಂದಿತ್ತು, ಗುಣ ಆಯಿತಲ್ಲ, ಇವಳಿಗೂ ಆಗುತ್ತದೆ. ನನ್ನನ್ನು ಸಮಾಧಾನ ಮಾಡುತ್ತಿದ್ದಳು ಅವಳು.

ದವಾಖಾನೆಯ ಪಡಸಾಲೆ ತುಂಬಿತ್ತು. ಆ ತಿಂಗಳು ಎಲ್ಲ ಹಳ್ಳಿಗಳಲ್ಲೂ ಜ್ವರ. ಬಾಗಿಲ ಪಕ್ಕ ಕುರಿ ಕಾಯುವ ಮುದುಕನೊಬ್ಬ ನಡುಗುತ್ತ ಕೂತಿದ್ದ. ಅವನದೇ ಸರದಿ. ನಮ್ಮನ್ನು ನೋಡಿ ಎದ್ದು ತನ್ನ ಕಂಬಳಿಯನ್ನು ನೆಲಕ್ಕೆ ಹಾಸಿದ.

"ತಂಗೀನ್ನ ಇಲ್ಲಿ ಮಲಗಸ್ರಿ. ಮೊದಲ ಆಕಿನ್ನ ನೋಡಲಿ. ನನ್ನ ನಡುಕ ಎಲ್ಲಿ ಓಡಿಹೋಗತದ, ನಮ್ಮ ದೇವರು ಬೀರಪ್ಪ ಬಿಡು ಅಂದರೂ ಅದು ಬಿಡಂಗಿಲ್ಲ."

ಹೆಸರು ಕೇಳಲಿಲ್ಲ. ಕಂಬಳಿಯಿಲ್ಲದೆ ಗೋಡೆಗೆ ಅಂಟಿಕೊಂಡು ಅವನು ನಡುಗಿದ್ದು ಮಾತ್ರ ಕಣ್ಣ ಮುಂದಿದೆ.

ಡಾಕ್ಟರು ನೀಲವ್ವನ ಬೆರಳಿನಿಂದ ರಕ್ತ ತೆಗೆದು, ಬಣ್ಣ ಹಾಕಿ, ಕಿಟಕಿಯ ಹತ್ತಿರ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಆ ಯಂತ್ರದ ಅಡಿಯಲ್ಲಿ ಪುಟ್ಟ ಕನ್ನಡಿ ಇರುತ್ತದೆ, ಆಕಾಶದ ಬೆಳಕನ್ನು ಹಿಡಿದು ಮೇಲಕ್ಕೆ ಕಳಿಸಲು. ಆ ದಿನ ಮುಂಜಾನೆಯಿಂದ ಮೋಡ. ಅವರು ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿದರು, ಕಣ್ಣೊರೆಸಿಕೊಂಡರು, ಮತ್ತೆ ನೋಡಿದರು. ಏನೂ ಸ್ಪಷ್ಟವಿಲ್ಲ ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಈ ಜ್ವರ ಬಂದಿತ್ತೇ ಎಂದು ಕೇಳಿದರು.

ಕಾಕಾ ಟೋಪಿ ತೆಗೆದರು. ಚೀಟಿ ಬಿಚ್ಚಿ ಡಾಕ್ಟರ ಕೈಗೆ ಕೊಟ್ಟರು.

ಡಾಕ್ಟರು ತಮ್ಮದೇ ಅಕ್ಷರವನ್ನು ಎರಡು ಸಲ ಓದಿದರು. ಅದೇ ಮನೆ, ಅದೇ ಜ್ವರ, ಮದ್ದಿಲ್ಲದೆ ವಾಸಿಯಾಗಿದೆ, ರಕ್ತದಲ್ಲಿ ಏನೂ ಇರಲಿಲ್ಲ. ಹಾಗಾದರೆ ಇದು ಚಳಿಜ್ವರ ಇರಲಿಕ್ಕಿಲ್ಲ ಎಂದು ಕಾಕಾನಿಗೆ ಹೇಳತೊಡಗಿದರು. ಬಸುರಿಯರಿಗೆ ಕೊನೆಯ ತಿಂಗಳುಗಳಲ್ಲಿ ಬರುವ ನಂಜಿನಿಂದಲೂ ಹೀಗೆ ಪ್ರಜ್ಞೆ ತಪ್ಪುತ್ತದೆ, ಅದರ ಉಪಚಾರವೇ ಬೇರೆ. ಕ್ವಿನೈನ್ ಚುಚ್ಚಿದರೆ ಹೆರಿಗೆ ನೋವು ಬಂದುಬಿಡಬಹುದು, ಖಾತ್ರಿಯಿಲ್ಲದೆ ಕೊಡುವ ಧೈರ್ಯ ತಮಗಿಲ್ಲ. ಮೋಡ ಸರಿಯುವವರೆಗೆ ಕಾಯೋಣ.

ಕಂಬಳಿಯ ಮೇಲೆ ನೀಲವ್ವ ಹಲ್ಲು ಕಚ್ಚಿ ಮೈ ಸೆಟೆಸಿದಳು. ಅವ್ವ ಅವಳ ಕೈ ಹಿಡಿದು ಒತ್ತಿದಳು.

ಆ ಹೊತ್ತಿನಲ್ಲಿಯೂ ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ. ಕಂಪೌಂಡರು ಒಂದು ಪಾತ್ರೆ ತೊಳೆದು, ಒರೆಸಿ, ಕಪಾಟಿನಲ್ಲಿ ಇಟ್ಟರು. ಅಷ್ಟು ಹೊತ್ತು. ತಂಗಿಯ ಜೀವ ಒಂದು ಕಡೆ, ಅವ್ವನ ಮುಂದೆ ಸುಳ್ಳುಗಾರನಾಗುವುದು ಒಂದು ಕಡೆ. ಇವೆರಡನ್ನು ತೂಗಿ ನೋಡುವುದಕ್ಕೂ ನನಗೆ ಸಮಯ ಬೇಕಾಯಿತು. ಕೊನೆಗೆ ಬಾಯಿ ಬಿಟ್ಟಾಗಲೂ ಉರ್ದುವಿನಲ್ಲಿ ಹೇಳಿದೆ, ಅವ್ವನಿಗೆ ತಿಳಿಯದಿರಲಿ ಎಂದು. ಆ ಚೀಟಿ ನಂಬಬೇಡಿ ಸಾಹೇಬ, ನಾನು ಕ್ವಿನೈನ್ ತೆಗೆದುಕೊಂಡ ಮೇಲೆ ರಕ್ತ ಕೊಟ್ಟಿದ್ದೆ.

ಡಾಕ್ಟರು ಕಿವಿಯ ಮೇಲೆ ನಂಬಿಕೆಯಿಲ್ಲದವರಂತೆ ನೋಡಿ, ತಮಗೆ ಬರುವ ಕನ್ನಡದಲ್ಲಿ ನಿಧಾನವಾಗಿ ಕೇಳಿದರು.

"ನೀವು ಕೋಯ್ನೇಲ ತಿಂದಿದ್ರಿ?"

ಅವ್ವ ತಲೆ ಎತ್ತಿದಳು. ಆ ಒಂದು ಪದ ಅವಳಿಗೆ ಗೊತ್ತಿತ್ತು.

"ಹೌದು" ಎಂದೆ, ಕನ್ನಡದಲ್ಲಿ.

ಡಾಕ್ಟರು ಬೈಯಲಿಲ್ಲ. ಎಷ್ಟು ಗುಳಿಗೆ, ಯಾವ ದಿನ, ಜ್ವರ ನಿಂತದ್ದು ಯಾವಾಗ, ಇಷ್ಟನ್ನೇ ಕೇಳಿದರು. ಉತ್ತರ ಮುಗಿಯುವ ಮೊದಲೇ ಕಂಪೌಂಡರಿಗೆ ಸೂಜಿ ಕುದಿಸಲು ಹೇಳಿದ್ದರು. ಕಾಕಾ ಚೀಟಿಯನ್ನು ಮೇಜಿನಿಂದ ತೆಗೆದುಕೊಂಡು ಹೊರಗೆ ಹೋದರು, ಎತ್ತುಗಳ ಹತ್ತಿರ. ಅವ್ವ ನನ್ನ ಕಡೆ ನೋಡಲಿಲ್ಲ. ಮಗಳ ಹಣೆಯ ಮೇಲಿದ್ದ ಭಸ್ಮವನ್ನು ಸೆರಗಿನಿಂದ ಒರೆಸಿದಳು. ಬೆವರು ಒರೆಸಿದಳೋ ಭಸ್ಮ ಒರೆಸಿದಳೋ, ನಾನು ಇಂದಿಗೂ ಕೇಳಿಲ್ಲ.

ಸಂಜೆಯ ಮುಂದೆ ಸ್ವಲ್ಪ ಬಿಸಿಲು ಬಿತ್ತು. ಡಾಕ್ಟರು ನನ್ನನ್ನು ಕಿಟಕಿಗೆ ಕರೆದು, ನೀವು ಓದಿದವರು, ನೋಡಿ ಎಂದರು. ತಿಳಿ ಗುಲಾಬಿ ಬಣ್ಣದ ಗುಂಡನೆಯ ಕಣಗಳು. ಅವುಗಳೊಳಗೆ ಅಲ್ಲಲ್ಲಿ ನೀಲಿ ಉಂಗುರ, ಉಂಗುರಕ್ಕೊಂದು ಕೆಂಪು ಹರಳು. ಬಲು ಚೆಂದವಾಗಿತ್ತು. ಒಂದು ಕಣದಲ್ಲಿ ಎರಡೆರಡು ಇದ್ದವು. ಎಲ್ಲಿ ಸರಿಸಿದರೂ ಇದ್ದವು. ಇಷ್ಟು ತುಂಬಿಕೊಳ್ಳಲು ಅವಕ್ಕೆ ದಿನಗಳು ಬೇಕು ಎಂದರು ಡಾಕ್ಟರು. ಅವರು ಕ್ರಿಮಿಗಳ ಬಗ್ಗೆ ಹೇಳುತ್ತಿದ್ದರು. ನಾನು ಆ ಮೂರು ದಿನಗಳನ್ನು ಲೆಕ್ಕ ಹಾಕುತ್ತಿದ್ದೆ.

ಮೂರನೆಯ ದಿನ ನೀಲವ್ವ ಅವ್ವನನ್ನು ಗುರುತಿಸಿದಳು, ಗಂಜಿ ಕೇಳಿದಳು. ಐದನೆಯ ದಿನ ನೋವು ಬಂದವು. ಗಂಡುಮಗು. ಅಳಲಿಲ್ಲ. ಜ್ವರದಿಂದ ಅದು ಒಳಗೇ ಹೋಗಿತ್ತು, ಮದ್ದಿನಿಂದಲ್ಲ ಎಂದು ಡಾಕ್ಟರು ಹೇಳಿದರು. ಮದ್ದಿನಿಂದಲೇ ಎಂದು ಕಾಕಾ ಊರಿಗೆ ಹೋಗಿ ಹೇಳಿದರು. ನಾನು ಗುಳಿಗೆ ತಿಂದ ಸುದ್ದಿಯನ್ನು ಅವ್ವ, ಕಾಕಾ ಇಬ್ಬರೂ ಮನೆಯ ಹೊಸ್ತಿಲು ದಾಟಿಸಲಿಲ್ಲ. ಭಸ್ಮದ ಮಾನ, ನನ್ನ ಮಾನ, ಎರಡೂ ಉಳಿದವು.

ಮಾರ್ಗಶಿರದಲ್ಲಿ ನನಗೆ ಜ್ವರ ಮರಳಿತು. ಈ ಸಲ ಏನನ್ನೂ ನುಂಗದೆ, ನಡುಗುತ್ತಲೇ ಹೋಗಿ ಬೆರಳು ಕೊಟ್ಟೆ. ನನ್ನ ರಕ್ತದಲ್ಲೂ ಕ್ರಿಮಿ ಕಂಡಿತು. ಹೇಳಿದಷ್ಟು ದಿನ ಮದ್ದು ತೆಗೆದುಕೊಂಡೆ. ಕಿವಿಯಲ್ಲಿ ಜೀರುಂಡೆಯ ಹಾಗೆ ಗುಂಯ್ಗುಟ್ಟುವುದು, ಬಾಯಿ ಕಹಿ, ಎಡಪಕ್ಕೆಯಲ್ಲಿ ಗಡ್ಡೆಯ ಹಾಗೆ ಉಬ್ಬಿದ ಗುಲ್ಮ, ಇವನ್ನು ಅನುಭವಿಸುತ್ತಿರುವವರು ಹೆದರಬೇಕಾಗಿಲ್ಲ. ನಿಧಾನವಾಗಿ ಇಳಿಯುತ್ತವೆ. ನನಗೆ ಮುಂದಿನ ಮಳೆಗಾಲದವರೆಗೆ ಹಿಡಿಯಿತು.

ಜ್ವರ ನಿಂತ ಮೇಲೆ ಮಠಕ್ಕೆ ಹೋಗಿ, ಊರೆಲ್ಲ ಅಪ್ಪನವರು ಎನ್ನುವ ಸ್ವಾಮಿಗಳ ಮುಂದೆ ಎಲ್ಲವನ್ನೂ ಹೇಳಿದೆ. ಶಪಿಸುತ್ತಾರೆಂದುಕೊಂಡಿದ್ದೆ. ಆ ವಯಸ್ಸಾದ ಮನುಷ್ಯ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಔಷಧ ಬ್ಯಾಡ ಅಂತ ನಾ ಯಾವಾಗ ಹೇಳಿದ್ದೆನೋ ತಮ್ಮಾ? ಹೋದ ವರ್ಷ ನಾನೇ ಅದನ್ನ ನುಂಗೀನಿ. ಯಾರರ ಬಂದು ಒಂದು ಮಾತು ಕೇಳಿದ್ದರಾಗತಿತ್ತಲ್ಲ."

ಹಾಗಾದರೆ ನಾನು ಹೆದರಿದ್ದು ಯಾರಿಗೆ? ಅವ್ವ ತಾನೇ ಕಟ್ಟಿಕೊಂಡ ಕಟ್ಟಳೆಗೆ. ಅದನ್ನು ಮೀರಲು ಹೆಚ್ಚೆಂದರೆ ಒಂದು ದಿನದ ಅಳು, ಎರಡು ದಿನದ ಮುನಿಸು ಬೇಕಿತ್ತು.

ಮಾಘದಲ್ಲಿ ನಿಲಂಗಾಕ್ಕೆ ಹೋದೆ. ನೀಲವ್ವ ಗಂಡನ ಮನೆಗೆ ಮರಳಿ ಎರಡು ತಿಂಗಳಾಗಿತ್ತು. ಅವಳ ಅತ್ತೆ ಒಳ್ಳೆಯ ಹೆಂಗಸು, ನೀರು ಬೆಲ್ಲ ಕೊಟ್ಟು ಉಪಚಾರ ಮಾಡಿದರು. ಮಾತಿನ ನಡುವೆ ಸೊಸೆಯ ಮೇಲಿನ ದೂರು ಬಂತು.

"ಹೇಳಬಾರದು, ಆದರ ನಿಮ್ಮ ತಂಗಿ ಹಟಮಾರಿ ಬಿಡ್ರಿ ಮಾಸ್ತರ್ರೇ. ನೀವು ಗುಳಿಗಿ ತಂದು ಕೈಯಾಗ ಇಟ್ಟೀರಿ, ಆಕಿ ಒಲ್ಲೆ ಅಂದಾಳ. ಆಕಿನೇ ಹೇಳ್ಯಾಳ ಎಲ್ಲರ ಮುಂದ. ನನ್ನ ಕೂಸು ನನ್ನ ಹಟಕ್ಕ ಹೋತು ಅಂತಾಳ."

ಒಳಗೆ ನೀಲವ್ವ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ಕೇಳುತ್ತಿತ್ತು.

ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ದವಾಖಾನೆಯಲ್ಲಿ ಒಪ್ಪಿಕೊಂಡಾಗ ಅವಳಿಗೆ ಪ್ರಜ್ಞೆಯಿರಲಿಲ್ಲ. ಆಮೇಲೆ ಅವ್ವ, ಕಾಕಾ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಲೆಂದೇ ನಿಲಂಗಾಕ್ಕೆ ಬಂದವನು ಆ ಕ್ಷಣದವರೆಗೆ ಹೇಗೆ ಶುರುಮಾಡಲಿ ಎಂದು ಚಹದ ಬಟ್ಟಲು ತಿರುಗಿಸುತ್ತ ಕೂತಿದ್ದೆ. ನಾಲ್ಕು ತಿಂಗಳು ಅವಳು ನನ್ನ ಪಾಲಿನ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಮನೆಮನೆಗೆ ಹೇಳಿಕೊಂಡು ಬಂದಿದ್ದಳು.

ಅತ್ತೆಯ ಮುಂದೆ, ಒಳಗೆ ಕೇಳುವ ಹಾಗೆ, ಹೇಳಿದೆ. ನಾನು ಗುಳಿಗೆ ತಿಂದೇ ಗುಣವಾದದ್ದು. ನೀಲವ್ವ ಕೇಳಿದಾಗ ಇಲ್ಲ ಎಂದಿದ್ದು ಸುಳ್ಳು. ಹೌದು ಎಂದಿದ್ದರೆ ಅವಳು ನುಂಗುತ್ತಿದ್ದಳು.

ಮೊರದ ಸದ್ದು ನಿಂತಿತು. ನೀಲವ್ವ ಬಾಗಿಲಿಗೆ ಬಂದು ನಿಂತಳು. ಸೆರಗಿಗೆ ಜೋಳದ ಹೊಟ್ಟು ಅಂಟಿಕೊಂಡಿತ್ತು. ಅಳುತ್ತಿರಲಿಲ್ಲ.

"ಅವತ್ತ ನಾ ನಿನ್ನ ಮಾರಿ ನೋಡೇ ಕೇಳಿದ್ದೆ ಅಣ್ಣಾ."

ನಾನು ತಲೆ ತಗ್ಗಿಸಿದೆ. ಕಾಲು ಹಿಡಿಯಲು ಎದ್ದೆನೋ ಏನೋ, ಅವಳು ಬೇಡವೆಂದು ಕೈ ಅಡ್ಡ ಹಿಡಿದಳು.

"ಅದೆಲ್ಲ ಬ್ಯಾಡ. ನಾ ಹಟ ಮಾಡಿಲ್ಲ, ಕೇಳಿದ್ದೆ ಅಂತ ಹೇಳು. ಅವ್ವಗ ಹೇಳು, ಕಾಕಾಗ ಹೇಳು, ಊರಾಗಿನ ಮಂದಿಗೆಲ್ಲ ಹೇಳು. ನಾ ಎಷ್ಟು ಮಂದಿ ಮುಂದ ಹೇಳಿಕೊಂಡೀನಿ, ಅಷ್ಟು ಮಂದಿಗೂ ಹೇಳು."

ಅವ್ವನಿಗೆ ಹೇಳಿದ್ದೇನೆ, ಕಾಕಾನಿಗೂ. ಭಸ್ಮ ಕೊಟ್ಟ ಅದೇ ಪಡಸಾಲೆಯಲ್ಲಿ ನಿಂತು ಊರವರಿಗೆ ಹೇಳಿದ್ದೇನೆ. ಕೆಲವರು ಎದ್ದು ಹೋದರು. ದವಾಖಾನೆಯ ಪಡಸಾಲೆಯಲ್ಲಿ ಸರದಿಗೆ ಕಾಯುತ್ತ ಕೂತವರಿಗೆ, ಡಾಕ್ಟರು ಕೇಳಿದಾಗ ಹಿಂದೆ ಯಾರು ನಿಂತಿದ್ದಾರೆಂದು ನೋಡಬೇಡಿ ಎಂದು ಹೇಳುತ್ತಿರುತ್ತೇನೆ. ಹೇಳಬೇಕಾದವರು ಇನ್ನೂ ಎಷ್ಟೋ ಮಂದಿ ಇದ್ದಾರೆ, ಎಲ್ಲರ ಮನೆಗೂ ಹೋಗಲಾರೆ, ಅದಕ್ಕೇ ಬರೆದಿದ್ದೇನೆ. ನೀಲವ್ವ ಹಟ ಮಾಡಲಿಲ್ಲ. ಅವಳು ಕೇಳಿದ್ದಳು.